ಅಂಗನವಾಡಿಯಲ್ಲಿ ಊಟ ಮಾತ್ರವೇ?

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ ತುಂಬಿದೆ. ಅಂಗನವಾಡಿಯಲ್ಲಿ ಊಟ ಕೊಡುತ್ತಾರೆಯೇ ಹೊರತು ಏನನ್ನೂ ಕಲಿಸುವುದಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಅವಳನ್ನು ಅಲ್ಲಿಗೆ ಕಳುಹಿಸಬಹುದೇ?
– ಓದುಗರೊಬ್ಬರು, ತಿ. ನರಸೀಪುರ ತಾಲ್ಲೂಕು

ಉತ್ತರ: ಖಂಡಿತ ಕಳುಹಿಸಿ. 1975ರ ಅಕ್ಟೋಬರ್ 2ರಂದು ಆರಂಭವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದದ್ದು ನಿಮ್ಮ ತಾಲ್ಲೂಕಿನಲ್ಲೇ. ಪೂರಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳೂ ಅದರ ಸೇವೆಗಳಲ್ಲಿ ಸೇರಿವೆ. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಹಾಡು, ಕಥೆ, ಆಟಗಳ ಮೂಲಕ ಕಲಿಯುತ್ತಾರೆ. ಸ್ಲೇಟು ಹಿಡಿದು ಅಕ್ಷರ ತಿದ್ದುವುದು ಕಾಣಲಿಲ್ಲವೆಂದು ಕಲಿಕೆಯೇ ಇಲ್ಲವೆಂದುಕೊಳ್ಳುವುದು ಸರಿಯಲ್ಲ, ಏಕೆಂದರೆ ಮಣಿ ಪೋಣಿಸುವ ಬೆರಳುಗಳು ಮುಂದೆ ಬರವಣಿಗೆಗೆ ಒಗ್ಗುತ್ತವೆ, ಕಥೆ ಕೇಳುವ ಮಗುವಿನ ಮಾತು ಬೆಳೆಯುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಕಾರ್ಯಕರ್ತೆಯರು ತಿಂಗಳು ತಿಂಗಳೂ ದಾಖಲಿಸುವ ತೂಕಕ್ಕೆ. ಮಗು ಸೊರಗಿದ್ದು ಮನೆಯವರ ಕಣ್ಣಿಗೆ ಬೀಳುವ ಮೊದಲೇ ಬೆಳವಣಿಗೆಯ ನಕ್ಷೆಯಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ, ಅದನ್ನು ತಪ್ಪದೆ ಕೇಳಿ ನೋಡಿ. ಮನೆಯಲ್ಲಿ ಗರ್ಭಿಣಿಯರೋ ಬಾಣಂತಿಯರೋ ಇದ್ದರೆ, 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅವರಿಗೂ ಪೌಷ್ಟಿಕ ಊಟ ದೊರೆಯುತ್ತದೆ. ಕಲಿಕೆ ಸಾಲದೆನಿಸಿದರೆ, ಅಂಗನವಾಡಿಯ ಮೇಲೆ ನಿಗಾ ಇಡುವ ಸ್ಥಳೀಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಿ. ತಾಯಂದಿರಿಗೆ ಅಲ್ಲಿ ಸ್ಥಾನವಿದೆ.