ವೀಲ್‌ಚೇರ್‌ನಲ್ಲಿ ಕಡಲ ಜೀವಿಗಳ ಹತ್ತಿರಕ್ಕೆ

ಪ್ರಶ್ನೆ: ನಮ್ಮವ್ವನಿಗೆ ಪಾರ್ಶ್ವವಾಯು ಆಗಿದ್ದು, ಓಡಾಟವೆಲ್ಲ ವೀಲ್‌ಚೇರ್ ಮೇಲೆಯೇ. ಏಳನೇ ತರಗತಿಯ ಮಗಳಿಗೆ ಕಡಲಾಮೆ, ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ನೋಡುವ ಆಸೆ. ಆಯಿ (ಅಜ್ಜಿ) ಬರದಿದ್ದರೆ ತಾನೂ ಒಲ್ಲೆ ಅನ್ನುತ್ತಾಳೆ. ಎಲ್ಲಿಗೆ ಹೋಗುವುದು?
– ಓದುಗರು, ಬಾಗಲಕೋಟೆ

ಉತ್ತರ: ಹೊನ್ನಾವರಕ್ಕೆ ಹೋಗಿ. ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಸಿಕ್ಕಿತು. ಅಂಗವಿಕಲರಿಗೆ ದಾರಿ, ಶೌಚಾಲಯ ಮತ್ತು ಪರಿಸರ ಶಿಕ್ಷಣ ಆ ಮಾನ್ಯತೆಯ ಷರತ್ತುಗಳಲ್ಲೇ ಸೇರಿವೆ. ಹತ್ತಿರದಲ್ಲೇ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ಕಾಲುದಾರಿಯಿದೆ. ಕಾರವಾರಕ್ಕೂ ಹೋಗುವುದಾದರೆ, ಅಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಾಪಲ್ ಯುದ್ಧನೌಕೆಯ ಒಳಗೆ ಮೆಟ್ಟಿಲು ಹತ್ತಿ ಇಳಿಯಬೇಕು, ಅವ್ವನಿಗೆ ಹೊರಗಿನಿಂದ ತೋರಿಸಿದರೆ ಸಾಕು.

ಹೊರಡುವ ಮುಂಚೆ ಹೋಗುವ ಜಾಗದವರಿಗೆ ಫೋನ್ ಮಾಡಿ. “ವೀಲ್‌ಚೇರ್ ಬರ್ತದಾ?” ಅಂತ ಮಾತ್ರ ಕೇಳಬೇಡಿ. “ಬರ್ತದೆ, ನಾಲ್ಕು ಜನ ಎತ್ತಿದರಾಯ್ತು” ಅನ್ನುತ್ತಾರೆ. ಎತ್ತಿಸಿಕೊಂಡು ಹೋಗುವುದು ಸೌಕರ್ಯವಲ್ಲ, ವಯಸ್ಸಾದವರಿಗೆ ಅದು ಅಪಾಯ, ಅವಮಾನ ಕೂಡ. ಅಳತೆ ಕೇಳಿ: ಶೌಚಾಲಯದ ಬಾಗಿಲು 32 ಇಂಚಾದರೂ ಇದೆಯೇ? ಎಷ್ಟು ಮೆಟ್ಟಿಲು, ರ‍್ಯಾಂಪ್ ಎಷ್ಟು ಉದ್ದ? ಒಂದು ಇಂಚು ಏರಲು 12 ಇಂಚು ಇಳಿಜಾರು ಬೇಕು. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ರ‍್ಯಾಂಪ್ 18 ಅಡಿ ಇರಬೇಕು. ಆರು ಅಡಿಯ ಹಲಗೆ ಇಟ್ಟು ‘ರ‍್ಯಾಂಪ್’ ಅಂದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮರಳಿನ ಮೇಲೆ ಓಡುವ ಅಗಲ ಗಾಲಿಯ ಕುರ್ಚಿ ಈಗ ಸುಸ್ಥಿತಿಯಲ್ಲಿದೆಯೇ ಎಂಬುದನ್ನೂ ಕೇಳಿ.

ಅಗಲ ಗಾಲಿಯ ಕುರ್ಚಿ ಸಿಗದಿದ್ದರೆ ಒಣ ಮರಳಿನಲ್ಲಿ ನಿಮ್ಮ ಕುರ್ಚಿಯನ್ನು ಮುಂದಕ್ಕೆ ತಳ್ಳಬೇಡಿ. ಮುಂದಿನ ಸಣ್ಣ ಗಾಲಿಗಳು ಹೂತು, ಕೂತವರು ಮುಂದಕ್ಕೆ ಬೀಳುತ್ತಾರೆ. ಕುರ್ಚಿ ತಿರುಗಿಸಿ, ದೊಡ್ಡ ಗಾಲಿ ಮೊದಲು ಹೋಗುವಂತೆ ಹಿಂದಕ್ಕೆ ಎಳೆಯಿರಿ. ಇಳಿತದ (ಸಮುದ್ರದ ನೀರು ಹಿಂದೆ ಸರಿಯುವ) ಹೊತ್ತಿಗೆ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಕಾಲುದಾರಿಯಲ್ಲಿ ಹಲಗೆಗಳ ಸಂದು ಗಾಲಿಯ ದಿಕ್ಕಿನಲ್ಲೇ ಇದ್ದರೆ ಸಣ್ಣ ಗಾಲಿ ಸಿಕ್ಕಿಬೀಳುತ್ತದೆ, ಅಲ್ಲಿ ಓರೆಯಾಗಿ ದಾಟಿಸಿ. ಕೆಸರಿನಿಂದ ಪೆನ್ಸಿಲಿನಂತೆ ನೆಟ್ಟಗೆ ಎದ್ದಿರುವ ಕಡ್ಡಿಗಳನ್ನು ಮಗಳಿಗೆ ತೋರಿಸಿ. ಅವು ಚಿಗುರಲ್ಲ, ಬೇರು. ಕೆಸರಿನೊಳಗೆ ಗಾಳಿಯಿಲ್ಲದ್ದರಿಂದ ಮೇಲೆ ಬಂದು ಉಸಿರಾಡುತ್ತವೆ.

ಆಮೆ ನೋಡಿಯೇ ಬರುತ್ತೇವೆಂದು ಮಾತ್ರ ಮಾತು ಕೊಡಬೇಡಿ. ಆಲಿವ್ ರಿಡ್ಲಿ ಆಮೆ ಚಳಿಗಾಲದ ರಾತ್ರಿಗಳಲ್ಲಿ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಿ ಬೆಳಕಿದ್ದ ಕಡೆ ಓಡುತ್ತದೆ, ಟಾರ್ಚ್ ಹಾಕಿದರೆ ಸಮುದ್ರ ಬಿಟ್ಟು ನಿಮ್ಮ ಕಡೆಗೇ ಬಂದು ಸಾಯುತ್ತದೆ. ಗೂಡಿಗೆ ಬೇಲಿ ಕಟ್ಟಿದ್ದರೆ ದೂರ ನಿಲ್ಲಿ.

ದಾರಿ ಸುಲಭ: ಗದ್ದನಕೇರಿ ಕ್ರಾಸ್‌ನಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲೇ ಮುಗಿಯುತ್ತದೆ. ಅಲ್ಲಿಂದ ಎಡಕ್ಕೆ. ಆಗಾಗ ನಿಲ್ಲಿಸಿ ಅವ್ವನ ಮಗ್ಗುಲು ಬದಲಿಸಿ, ಒಂದೇ ಭಂಗಿಯಲ್ಲಿ ಕೂತರೆ ಹುಣ್ಣಾಗುತ್ತದೆ. ಅರಬೈಲ್ ಘಟ್ಟ ಬರುವ ಮೊದಲೇ ಬೆಲ್ಟ್ ಬಿಗಿ ಮಾಡಿ. ಮಳೆಗಾಲದಲ್ಲಿ ಬೇಡ, ಗುಡ್ಡ ಕುಸಿಯುತ್ತದೆ.

ಪ್ರಶ್ನೆ: ದೃಷ್ಟಿ ಇಲ್ಲದ ಮಕ್ಕಳನ್ನು ಕಡಲ ಜೀವಿಗಳ ಕೇಂದ್ರಕ್ಕೆ ಕರೆದೊಯ್ದರೆ ಏನು ಪ್ರಯೋಜನ?
– ಶಿಕ್ಷಕಿ, ವಿಜಯಪುರ

ಉತ್ತರ: ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದರೆ ಏನೂ ಇಲ್ಲ. ಮುಟ್ಟಲು ಬಿಟ್ಟರೆ ಬಹಳ ಇದೆ. ಚಿಪ್ಪು, ಮೂಳೆ, ಆಮೆಯ ಮಾದರಿ ಮುಟ್ಟಿಸಬಹುದೇ ಎಂದು ವಾರದ ಮುಂಚೆಯೇ ಕೇಳಿ. ಜೀವಂತ ನಕ್ಷತ್ರಮೀನು ಮುಟ್ಟುವುದಾದರೆ ಸೋಪು, ಎಣ್ಣೆ, ಕ್ರೀಮು ಇಲ್ಲದ ಒದ್ದೆ ಕೈಯಿಂದ, ಎರಡೇ ಬೆರಳಿನಿಂದ, ನೀರಿನೊಳಗೇ ಮುಟ್ಟಬೇಕು. ಅದು ಉಸಿರಾಡುವುದು ಚರ್ಮ ಮತ್ತು ಕೊಳವೆಗಾಲುಗಳ ಮೂಲಕ, ಮೇಲೆತ್ತಿದರೆ ಉಸಿರುಗಟ್ಟುತ್ತದೆ. ಬೆನ್ನು ಒರಟು, ತಳದಲ್ಲಿ ನೂರಾರು ಮೆತ್ತನೆಯ ಕಾಲು ಬೆರಳಿಗೆ ಅಂಟುತ್ತವೆ. ಯಾವ ಪಾಠವೂ ಇದನ್ನು ಹೇಳಿಕೊಡಲಾರದು. ಒಮ್ಮೆಗೆ ನಾಲ್ಕೇ ಮಕ್ಕಳು ಇರಲಿ. ಹವಳದ ಚೂರು ಮನೆಗೆ ತರಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಸಮುದ್ರಕ್ಕೆ ಹೋಗಿ ಬಂದ ಮೇಲೆ ಕುರ್ಚಿಯ ಮುಂದಿನ ಗಾಲಿ ತಿರುಗುತ್ತಿಲ್ಲ.
– ಓದುಗರು, ಗೋಕಾಕ

ಉತ್ತರ: ಬೇರಿಂಗಿನಲ್ಲಿ ಮರಳು ಹೊಕ್ಕು, ಉಪ್ಪು ತುಕ್ಕು ಹಿಡಿಸಿದೆ. ಗಾಲಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಗ್ರೀಸ್ ಹಚ್ಚಿ. ಬೇರಿಂಗ್ ಆಗಲೂ ಕರಕರ ಎಂದರೆ ಬದಲಿಸಿ. ಮುಂದಿನ ಸಲ ಹೋದ ದಿನವೇ ಒಂದು ಕೊಡ ಸಿಹಿನೀರು ಸುರಿಯಿರಿ. ಬ್ಯಾಟರಿ ಕುರ್ಚಿಯನ್ನು ಉಪ್ಪುನೀರಿಗೆ ಇಳಿಸಲೇಬೇಡಿ.