ರಸ್ತೆ ಕೆಲಸದವರ ನಿವೃತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆಯ್ದ ಮೂರೂ ಪತ್ರಗಳು ಹೆದ್ದಾರಿ ನಿರ್ವಹಣೆಯ ಕೆಲಸ ಮಾಡಿದವರ ಮನೆಗಳಿಂದ ಬಂದಿವೆ. ಉತ್ತರಿಸಿದವರು ಲೋಕೋಪಯೋಗಿ ಇಲಾಖೆಯಲ್ಲಿ ಕಾರ್ಯಪಾಲಕ ಇಂಜಿನಿಯರ್ ಆಗಿದ್ದು ನಿವೃತ್ತರಾದವರು.

ಪ್ರಶ್ನೆ: ಹದಿನೆಂಟು ತುಂಬಿದ ಮರುತಿಂಗಳೇ, 1984ರ ಮಾರ್ಚ್‌ನಲ್ಲಿ, ನಾನು ಲೋಕೋಪಯೋಗಿ ಇಲಾಖೆಯಲ್ಲಿ ದಿನಗೂಲಿ ಗ್ಯಾಂಗ್‌ಮನ್ ಆಗಿ ಸೇರಿದೆ. 1994ರ ಕೊನೆಗೆ ಕಾಯಂ ಆಯಿತು. ಬಹಳ ವರ್ಷ ಶಿರಾಡಿ ಘಾಟಿಯಲ್ಲಿ ದುಡಿದು, ಈಗ ತಾಲ್ಲೂಕಿನ ರಾಜ್ಯ ಹೆದ್ದಾರಿಯಲ್ಲಿ ಮೇಸ್ತ್ರಿಯಾಗಿದ್ದೇನೆ. ಬರುವ ಫೆಬ್ರವರಿಯ ಕಡೆಯ ದಿನ ನಿವೃತ್ತಿ. ದಿನಗೂಲಿಯ ಹತ್ತು ವರ್ಷಗಳು ಪಿಂಚಣಿಗೆ ಸೇರುತ್ತವೆಯೇ? ಪಿಂಚಣಿಯ ಮೂರನೇ ಒಂದು ಭಾಗವನ್ನು ಪರಿವರ್ತನೆ ಮಾಡಿಸಿ, ಬಂದ ಇಡುಗಂಟಿನಲ್ಲಿ ಗೂಡ್ಸ್ ಗಾಡಿ ಕೊಡಿಸಿ ಎಂದು ಮಗ ಹೇಳುತ್ತಿದ್ದಾನೆ. ಹಾಗೆ ಮಾಡಬಹುದೇ? ಇನ್ನೊಂದು ವಿಷಯ ಪ್ರಶ್ನೆಯೋ ಅಲ್ಲವೋ ತಿಳಿಯದು. ಮಳೆಗಾಲಕ್ಕೆ ಮುಂಚಿನ ಚರಂಡಿ ಕೆಲಸ ಹಿಡಿಯುವ ಹೊತ್ತಿಗೆ ನಾನಿರುವುದಿಲ್ಲ. ಗ್ಯಾಂಗಿನಲ್ಲಿ ಈಗ ಉಳಿದಿರುವವರೇ ಇಬ್ಬರು, ಮಿಕ್ಕದ್ದೆಲ್ಲ ಗುತ್ತಿಗೆ. ಯಾವ ಮೋರಿ ಯಾವಾಗ ಕಟ್ಟಿಕೊಳ್ಳುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಮೇಸ್ತ್ರಿಗಳೇ, ನೀವು ಸೇರಿದ ತಾರೀಖಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಿವೃತ್ತಿ ಜೀವನದ ಬಹುಭಾಗ ಆ ತಾರೀಖಿನ ಮೇಲೆ ನಿಂತಿದೆ. 1984ರ ಜುಲೈ 1ರ ನಂತರ ಮಾಡಿಕೊಂಡ ದಿನಗೂಲಿ ನೇಮಕಗಳನ್ನು ಸರ್ಕಾರ ಮಾನ್ಯ ಮಾಡಲಿಲ್ಲ. ಅದಕ್ಕೆ ಮೊದಲಿದ್ದವರ ಪರವಾಗಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹತ್ತು ವರ್ಷ ಪೂರೈಸಿದವರನ್ನು ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ 1990ರಲ್ಲಿ ನ್ಯಾಯಾಲಯದ ಮುದ್ರೆ ಬಿತ್ತು. ನೀವು ಕಾಯಂ ಆದದ್ದು ಆ ಹೋರಾಟದ ಫಲವಾಗಿ. 1984ರ ಮಳೆಗಾಲದಲ್ಲಿ, ಜುಲೈ 1 ಕಳೆದ ಮೇಲೆ ಸೇರಿದ ನಿಮ್ಮ ಜೊತೆಯವರು ಯಾರಾದರೂ ಇದ್ದರೆ, ಅವರು ತಾತ್ಕಾಲಿಕ ನೌಕರರ ಕಾಯಮಾತಿ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2006ರ ಉಮಾದೇವಿ ಪ್ರಕರಣದ ತೀರ್ಪನ್ನೂ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮವನ್ನೂ ಕಾದು ಕುಳಿತವರ ಸಾಲಿಗೆ ಸೇರಿರುತ್ತಾರೆ. ಒಂದೇ ಚರಂಡಿಯಲ್ಲಿ ಒಂದೇ ಬಗೆಯ ಗುದ್ದಲಿ ಹಿಡಿದವರ ನಡುವೆ ಇಷ್ಟು ದೊಡ್ಡ ಅಂತರ ಬಂದದ್ದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ, ಆದರೆ ಲೆಕ್ಕ ಇರುವುದು ಹಾಗೆ.

ದಿನಗೂಲಿಯ ಅವಧಿಯನ್ನು ಸಾಮಾನ್ಯವಾಗಿ ಅರ್ಹ ಸೇವೆಯಲ್ಲಿ, ಅಂದರೆ ಪಿಂಚಣಿಗೆ ಲೆಕ್ಕವಾಗುವ ಸೇವೆಯಲ್ಲಿ, ಸೇರಿಸುವುದಿಲ್ಲ. ಕಾಯಂ ಆದ ದಿನದಿಂದಲೇ ಎಣಿಕೆ ಆರಂಭವಾಗುತ್ತದೆ. ಆದರೂ ನೀವು ಚಿಂತಿಸಬೇಕಾದದ್ದೇನೂ ಇಲ್ಲ. ಪೂರ್ಣ ಪಿಂಚಣಿಗೆ ಹಿಂದೆ 33 ವರ್ಷದ ಅರ್ಹ ಸೇವೆ ಬೇಕಿತ್ತು, ಈಗ 30 ವರ್ಷ ಸಾಕು, ಮತ್ತು ನಿಮ್ಮದು 31 ದಾಟಿದೆ. ಆದುದರಿಂದ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಬರುತ್ತದೆ. ಉಪದಾನವನ್ನು, ಅಂದರೆ ಗ್ರಾಚ್ಯುಟಿಯನ್ನು, ಪ್ರತಿ ಪೂರ್ಣ ಆರು ತಿಂಗಳ ಸೇವೆಗೆ ಕಾಲು ತಿಂಗಳ ವೇತನದಂತೆ ಲೆಕ್ಕ ಹಾಕುತ್ತಾರೆ. ಗಳಿಕೆ ರಜೆ ಉಳಿದಿದ್ದರೆ ಗರಿಷ್ಠ 300 ದಿನಗಳವರೆಗೆ ನಗದಾಗುತ್ತದೆ. ರಸ್ತೆ ಕೆಲಸದವರು ಊರ ಜಾತ್ರೆಗೂ ರಜೆ ಹಾಕದೆ ದುಡಿದವರಾದ್ದರಿಂದ ಈ ಬಾಬ್ತಿನಲ್ಲಿ ಬಹುತೇಕರಿಗೆ ಒಳ್ಳೆಯ ಮೊತ್ತವೇ ಸಿಗುತ್ತದೆ.

ಈ ಹಣವೆಲ್ಲ ಸಮಯಕ್ಕೆ ಕೈಸೇರಬೇಕಾದರೆ ಸೇವಾ ಪುಸ್ತಕ ಸರಿಯಿರಬೇಕು. ಒಂದು ದಿನ ಬಿಡುವು ಮಾಡಿಕೊಂಡು ಕಚೇರಿಗೆ ಹೋಗಿ, ಕಾಯಂ ಆದ ಆದೇಶದ ಸಂಖ್ಯೆ ಮತ್ತು ದಿನಾಂಕ, ಪ್ರತಿ ವರ್ಷದ ಸೇವಾ ದೃಢೀಕರಣದ ಸಹಿ, ವೇತನ ಪರಿಷ್ಕರಣೆಯಾದಾಗಲೆಲ್ಲ ವೇತನ ನಿಗದಿ ಮಾಡಿದ ನಮೂದು, ರಜೆ ಲೆಕ್ಕ ಇವೆಲ್ಲ ಇವೆಯೇ ಎಂದು ಪುಟ ಪುಟವಾಗಿ ತೋರಿಸಲು ಕೇಳಿ. ಓದು ಕಷ್ಟವಾದರೆ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಿರಿ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ದಿನಗೂಲಿಯಲ್ಲಿ ಸೇರುವಾಗ ಹೆಸರನ್ನು ಯಾರೋ ಕೇಳಿಸಿದಂತೆ ಬರೆದುಕೊಂಡಿರುತ್ತಾರೆ, ಆಧಾರ್‌ನಲ್ಲಿ ಇನ್ನೊಂದು ಬಗೆಯಲ್ಲಿರುತ್ತದೆ, ಬ್ಯಾಂಕಿನಲ್ಲಿ ಮತ್ತೊಂದು. ಈ ವ್ಯತ್ಯಾಸವನ್ನು ನಿವೃತ್ತಿಗೆ ಮೊದಲೇ ಸರಿಪಡಿಸಿಕೊಳ್ಳಿ. ಪಿಂಚಣಿ ಪ್ರಸ್ತಾವನೆ ಮಹಾಲೇಖಪಾಲರ ಕಚೇರಿಗೆ ಹೋದ ಮೇಲೆ ಒಂದು ಅಕ್ಷರದ ಆಕ್ಷೇಪಣೆ ಬಂದರೂ ಕಡತ ಮತ್ತೆ ಘಾಟಿ ಹತ್ತಿ ಬರಬೇಕಾಗುತ್ತದೆ. ಕುಟುಂಬ ಪಿಂಚಣಿಗಾಗಿ ಪತ್ನಿಯ ಹೆಸರು, ಜನ್ಮ ದಿನಾಂಕ ಮತ್ತು ಇಬ್ಬರ ಜಂಟಿ ಭಾವಚಿತ್ರ ಸರಿಯಾಗಿ ಸಲ್ಲಿಕೆಯಾಗಲಿ. ಇಲಾಖೆಯ ಸಾಮಾನು ನಿಮ್ಮ ಹೆಸರಿನಲ್ಲಿ ಏನಿದೆಯೋ ಅದನ್ನು ಒಪ್ಪಿಸಿ ಬೇಬಾಕಿ ಪತ್ರ ಪಡೆಯಿರಿ. ಯಾವುದೋ ಕಾಲದ ಹಾರೆ, ಪಿಕಾಸಿ, ಬಾಂಡ್ಲಿಗಳ ಲೆಕ್ಕ ಹೊಂದದೆ ಮೇಸ್ತ್ರಿಗಳ ಕಾಗದ ತಡೆದು ನಿಂತದ್ದನ್ನು ನಾನು ಬಲ್ಲೆ.

ಇನ್ನು ಮಗನ ಗಾಡಿಯ ವಿಷಯ. ನಿಮ್ಮ ಕೊನೆಯ ಮೂಲ ವೇತನ 48,000 ರೂಪಾಯಿ ಎಂದಿಟ್ಟುಕೊಂಡರೆ ಪಿಂಚಣಿ 24,000 ಆಗುತ್ತದೆ. ಮೂರನೇ ಒಂದು ಭಾಗ ಪರಿವರ್ತನೆ ಮಾಡಿಸಿದರೆ ತಿಂಗಳಿಗೆ 8,000 ಕಡಿತವಾಗಿ 16,000 ಉಳಿಯುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಪೂರ್ತಿ 24,000ಕ್ಕೇ ಲೆಕ್ಕ ಹಾಕುತ್ತಾರೆ. ಕಡಿತವಾದ ಭಾಗ ಮರಳಿ ಸೇರುವುದು ಹದಿನೈದು ವರ್ಷಗಳ ನಂತರ, ಅಂದರೆ ನಿಮಗೆ ಎಪ್ಪತ್ತೈದಾದಾಗ. ಮನೆ ಸಾಲವೋ ಕೈಸಾಲವೋ ಹೆಚ್ಚು ಬಡ್ಡಿಗೆ ನಿಂತಿದ್ದರೆ ಪರಿವರ್ತನೆ ಮಾಡಿಸಿ ಅದನ್ನು ತೀರಿಸುವುದು ಜಾಣತನ. ಗಾಡಿಗಾಗಿ ಮಾಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮಗನಿಗೆ ನೆರವಾಗಬೇಕೆಂದಿದ್ದರೆ ಉಪದಾನದ ಒಂದು ಪಾಲನ್ನು ಮುಂಗಡವಾಗಿ ಕೊಡಿ, ಉಳಿದದ್ದಕ್ಕೆ ಅವನ ಹೆಸರಿನಲ್ಲೇ ಬ್ಯಾಂಕ್ ಸಾಲವಾಗಲಿ. ಕಂತು ಕಟ್ಟುವ ಹೊಣೆ ಅವನ ಮೇಲಿದ್ದರೆ ಗಾಡಿಯೂ ಹೆಚ್ಚು ಕಾಲ ಬಾಳುತ್ತದೆ. ಮಿಕ್ಕ ಉಪದಾನ ಮತ್ತು ರಜೆಯ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಬಹುದು. ಅದು ಐದು ವರ್ಷದ ಅವಧಿಯದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ, ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಲು ಅವಕಾಶವಿದೆ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ನಿಮ್ಮ ಕಾಲದವರು ರಸ್ತೆ ಬದಿಯಲ್ಲಿ ಸೌದೆ ಉರಿಸಿ ಪೀಪಾಯಿಯಲ್ಲಿ ಡಾಂಬರು ಕಾಯಿಸಿದವರು. 150 ಡಿಗ್ರಿ ಸೆಲ್ಸಿಯಸ್ ದಾಟಿದ ಡಾಂಬರಿನ ಹೊಗೆಯನ್ನು ಮುಖಕ್ಕೆ ಟವಲ್ ಸುತ್ತಿಕೊಂಡು ಕುಡಿದವರು, ಜಲ್ಲಿಯ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದವರು. ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕಾದ ಗಾಯ ಮತ್ತೆ ಮಾಯುವುದಿಲ್ಲ, ಮತ್ತು ಅದು ದುಡಿಮೆ ನಿಂತ ಮೇಲೂ ಹೆಚ್ಚಬಹುದು. ಬೇಗ ತಿಳಿದರೆ ಬೀಡಿ ಬಿಡುವುದಕ್ಕೂ ಕ್ಷಯದ ಸೋಂಕಿನ ಬಗ್ಗೆ ಎಚ್ಚರವಾಗಿರುವುದಕ್ಕೂ ದಾರಿಯಿರುತ್ತದೆ. ಸೇವೆಯಲ್ಲಿರುವಾಗಲೇ ಎದೆಯ ಎಕ್ಸ್‌ರೇ ಮತ್ತು ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಮಾಡಿಸಿ, ರೋಲರ್ ಪಕ್ಕದಲ್ಲಿ ಬಹುಕಾಲ ನಿಂತಿದ್ದರೆ ಕಿವಿಯನ್ನೂ ತೋರಿಸಿ. ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದಿರಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ‘ಸರ್ಕಾರಿ ನೌಕರಿ’ ಎಂದಷ್ಟೇ ಹೇಳಿದರೆ ಅವರು ಕುರ್ಚಿ ಮೇಜಿನ ಕೆಲಸವೆಂದು ತಿಳಿಯುತ್ತಾರೆ.

ನಿಮ್ಮ ಮೂರನೆಯ ಮಾತು ಖಂಡಿತವಾಗಿ ಪ್ರಶ್ನೆಯೇ, ಮತ್ತು ಅದನ್ನು ನಮ್ಮಂಥ ಇಂಜಿನಿಯರುಗಳು ಬಹಳ ಹಿಂದೆಯೇ ಕೇಳಿಕೊಳ್ಳಬೇಕಿತ್ತು. ಡಾಂಬರು ರಸ್ತೆಯನ್ನು ಹಾಳು ಮಾಡುವುದು ಲಾರಿ ಎಂದು ಜನ ತಿಳಿಯುತ್ತಾರೆ. ಮಲೆನಾಡಿನಲ್ಲಿ ಮೊದಲು ಕೆಡಿಸುವುದು ನೀರು: ಚರಂಡಿ ಕಟ್ಟಿಕೊಂಡು ರಸ್ತೆಯ ಮೇಲೆ ಹರಿದ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಬಿರುಕಿನಲ್ಲಿ ಇಳಿದು ತಳದ ಮಣ್ಣನ್ನು ಮೆತ್ತಗಾಗಿಸುತ್ತದೆ, ಆಮೇಲೆ ಬರುವ ಚಕ್ರ ಅದನ್ನು ಒಡೆಯುತ್ತದೆ. ಶಿರಾಡಿಯಲ್ಲಿ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ, 2015ರಲ್ಲಿ ಒಂದು ಹಂತ, 2018ರಲ್ಲಿ ಕೆಂಪುಹೊಳೆಯಿಂದ ಅಡ್ಡಹೊಳೆಯವರೆಗಿನ ಇನ್ನೊಂದು ಹಂತ ಎಂದು ಕಾಂಕ್ರೀಟ್ ಹಾಕಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ರಸ್ತೆ ತೆರೆದ ಮರುತಿಂಗಳೇ, ಆಗಸ್ಟಿನ ಮಳೆಗೆ, ಗುಡ್ಡ ಕುಸಿದು ಸಂಚಾರ ಮತ್ತೆ ನಿಂತಿತು. ಮೇಲ್ಪದರ ಎಷ್ಟೇ ಗಟ್ಟಿಯಾಗಿದ್ದರೂ ಗುಡ್ಡದ ನೀರಿಗೆ ದಾರಿ ಬೇಕೇ ಬೇಕು. ಆ ದಾರಿ ಯಾವುದೆಂಬುದು ಗ್ಯಾಂಗಿನವರಿಗೆ ಗೊತ್ತಿರುತ್ತದೆ. ಹಾಕಿದ ಜಲ್ಲಿಯ ಪ್ರತಿ ಘನಮೀಟರನ್ನೂ ನಮ್ಮ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಯಾವ ತಿರುವಿನಲ್ಲಿ ಒರತೆ ಏಳುತ್ತದೆ ಎಂಬುದನ್ನು ಬರೆಯುವ ಕಾಲಂ ಅದರಲ್ಲಿ ಇರಲಿಲ್ಲ.

ಹಾಗಾಗಿ ಉಳಿದಿರುವ ದಿನಗಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಳ್ಳಿ. ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ, ಒಂದೊಂದು ಮೋರಿಗೆ ಒಂದೊಂದು ಪುಟ ಇರಲಿ: ಮೇಲಿನಿಂದ ಏನು ಬಂದು ಕಟ್ಟಿಕೊಳ್ಳುತ್ತದೆ, ಮಣ್ಣೋ ಬಿದಿರು ಸೊಪ್ಪೋ ತೋಟದ ಕಸವೋ; ಎಷ್ಟು ಮಳೆಗೆ ತುಂಬುತ್ತದೆ; ಯಾವ ಕಡೆಯಿಂದ ಹಾರೆ ಹಾಕಿದರೆ ಬೇಗ ಬಿಡುತ್ತದೆ; ಯಾವ ಮರ ವಾಲಿದೆ; ರಾತ್ರಿ ಮಣ್ಣು ಕುಸಿದರೆ ಜೆಸಿಬಿ ತರಲು ಹತ್ತಿರದಲ್ಲಿ ಯಾರಿದ್ದಾರೆ. ಬರೆಯಲು ಬೇಸರವಾದರೆ ಕಿರಿಯ ಇಂಜಿನಿಯರನ್ನು ಕರೆದುಕೊಂಡು ರಸ್ತೆಯುದ್ದಕ್ಕೂ ನಡೆಯಿರಿ, ನೀವು ಹೇಳಿದ್ದನ್ನು ಅವರು ಬರೆದುಕೊಳ್ಳಲಿ. ಒಂದು ಪ್ರತಿ ಉಪವಿಭಾಗದ ಕಚೇರಿಗೆ, ಇನ್ನೊಂದು ಉಳಿದಿರುವ ಆ ಇಬ್ಬರು ಗ್ಯಾಂಗ್‌ಮನ್‌ಗಳ ಕೈಗೆ. ಗುತ್ತಿಗೆದಾರರ ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅವರಿಗಷ್ಟೇ ಬಾಯಲ್ಲಿ ಹೇಳಿ ಹೋದರೆ ಆ ಮಾತು ಉಳಿಯದು.

ಪ್ರಶ್ನೆ: ನನ್ನ ತಂದೆ ಇಪ್ಪತ್ತೆರಡು ವರ್ಷಗಳಿಂದ ಟೋಲ್ ಹೆದ್ದಾರಿಯೊಂದರ ನಿರ್ವಹಣೆಯಲ್ಲಿ ಗುತ್ತಿಗೆ ಕಾರ್ಮಿಕರು. ಗುತ್ತಿಗೆದಾರರು ನಾಲ್ಕು ಬಾರಿ ಬದಲಾದರೂ ಕೆಲಸ ಅದೇ, ರಸ್ತೆ ಅದೇ. ಈಗ ಅವರಿಗೆ ಐವತ್ತೇಳು. ಇವರಿಗೆ ನಿವೃತ್ತಿ ಎಂಬುದು ಇದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಬೀಳ್ಕೊಡುಗೆಯ ಹಾರ ಇಲ್ಲದಿರಬಹುದು, ಹಕ್ಕು ಇದೆ, ತಾಯೀ. ಭವಿಷ್ಯ ನಿಧಿಗೆ ಹಣ ಕಡಿತವಾಗುತ್ತಿದ್ದರೆ ಅದರ ಜೊತೆಯ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ತುಂಬಿದವರಿಗೆ 58ನೇ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ. ಮೊತ್ತ ಸರ್ಕಾರಿ ಪಿಂಚಣಿಯ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಿಮ್ಮ ತಂದೆಯವರಿಗಿರುವ ನಿಜವಾದ ಅಪಾಯ ಬೇರೆ. ಗುತ್ತಿಗೆದಾರರು ಬದಲಾದಾಗಲೆಲ್ಲ ಹೊಸ ಖಾತೆ ತೆರೆದಿರುತ್ತಾರೆ, ಆಗ ಇಪ್ಪತ್ತೆರಡು ವರ್ಷ ಐದು ತುಂಡಾಗಿ, ಯಾವ ತುಂಡೂ ಹತ್ತು ವರ್ಷ ಮುಟ್ಟದೆ ಹೋಗಬಹುದು. ಎಲ್ಲ ಖಾತೆಗಳನ್ನೂ ಒಂದೇ ಯುಎಎನ್ (ಮಾಲೀಕರು ಬದಲಾದರೂ ಬದಲಾಗದ ಭವಿಷ್ಯ ನಿಧಿ ಸದಸ್ಯ ಸಂಖ್ಯೆ) ಅಡಿ ಸೇರಿಸಲು ಭವಿಷ್ಯ ನಿಧಿ ಕಚೇರಿಗೆ ಈಗಲೇ ಅರ್ಜಿ ಕೊಡಿ. ಹಳೆಯ ವೇತನ ಚೀಟಿ, ಗುರುತಿನ ಚೀಟಿ, ಗೇಟ್ ಪಾಸ್, ಬ್ಯಾಂಕ್ ಪಾಸ್‌ಬುಕ್ ಯಾವುದನ್ನೂ ಎಸೆಯಬೇಡಿ. ಹಳೆಯ ಖಾತೆಯ ಪಿಂಚಣಿ ಭಾಗವನ್ನು ಅವಸರಕ್ಕೆಂದು ಹಿಂಪಡೆದರೆ ಅಷ್ಟು ವರ್ಷದ ಸೇವೆಯೂ ಅದರ ಜೊತೆಗೇ ಅಳಿದುಹೋಗುತ್ತದೆ ಎಂಬುದು ನೆನಪಿರಲಿ.

ಒಬ್ಬರೇ ಮಾಲೀಕರ ಕೈಕೆಳಗೆ ಸತತ ಐದು ವರ್ಷ ದುಡಿದಿದ್ದರೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಕೇಳುವ ಹಕ್ಕೂ ಇದೆ. ಗುತ್ತಿಗೆದಾರರು ಕಾರ್ಮಿಕರ ಭವಿಷ್ಯ ನಿಧಿ ಕಟ್ಟದೆ ಕೈಚೆಲ್ಲಿದರೆ, ಅವರಿಗೆ ಕೆಲಸ ಕೊಟ್ಟ ಮೂಲ ಮಾಲೀಕರ ಮೇಲೆ ಅದರ ಹೊಣೆ ಬೀಳುತ್ತದೆ. ಇದರೊಂದಿಗೆ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯ ಬಗ್ಗೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ರಸ್ತೆಯ ದುರಸ್ತಿ ಮತ್ತು ನಿರ್ವಹಣೆಯೂ ನಿರ್ಮಾಣ ಕೆಲಸದ ವ್ಯಾಖ್ಯೆಯೊಳಗೇ ಬರುತ್ತದೆ. ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ, ಅರವತ್ತು ತುಂಬದವರು ನೋಂದಾಯಿಸಿಕೊಳ್ಳಬಹುದು. ಮಂಡಳಿಯ ಪಿಂಚಣಿಗೆ ಅರವತ್ತರ ಮೊದಲು ಕೆಲವು ವರ್ಷದ ಸದಸ್ಯತ್ವ ಇರಬೇಕಾದ್ದರಿಂದ ಐವತ್ತೇಳರಲ್ಲಿ ಕಳೆಯುವ ಒಂದೊಂದು ತಿಂಗಳೂ ಬೆಲೆಯುಳ್ಳದ್ದು.

ಪ್ರಶ್ನೆ: ನಮ್ಮ ಯಜಮಾನರು ರೋಡ್ ರೋಲರ್ ಚಾಲಕರಾಗಿ ನಿವೃತ್ತರಾಗಿದ್ದಾರೆ. ಬೆಳಗಿನ ವಾಕಿಂಗ್‌ಗೆಂದು ಹೋಗಿ, ಹೆದ್ದಾರಿಯಲ್ಲಿ ಗುಂಡಿ ಮುಚ್ಚುವವರ ಜೊತೆ ದಿನಾ ಜಗಳ ಮಾಡಿಕೊಂಡು ಬರುತ್ತಾರೆ. ಏನು ಮಾಡಲಿ?
— ಗೃಹಿಣಿ, ರಾಣೆಬೆನ್ನೂರು

ಉತ್ತರ: ಅಮ್ಮಾ, ಜಗಳದ ವಿಷಯದಲ್ಲಿ ಬಹುಶಃ ಅವರದೇ ಸರಿ ಇರುತ್ತದೆ. ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸದೆ, ದೂಳು ತೆಗೆಯದೆ, ಡಾಂಬರಿನ ತೆಳು ಪದರ ಬಳಿಯದೆ ಜಲ್ಲಿ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿ ಹೋದರೆ ಆ ತೇಪೆ ಎರಡು ಮಳೆಗೆ ಎದ್ದು ಬರುತ್ತದೆ. ಇದನ್ನು ನೋಡಿಕೊಂಡು ಸುಮ್ಮನಿರುವುದು ರೋಲರ್ ಓಡಿಸಿದವರಿಗೆ ಕಷ್ಟ. ಆದರೆ ಆ ಹುಡುಗರಿಗೆ ಬೈದು ಫಲವಿಲ್ಲ, ರೋಲರ್ ತರಿಸುವ ಅಧಿಕಾರ ಅವರಿಗಿರುವುದಿಲ್ಲ. ಕಾಮಗಾರಿ ಮುಗಿದ ಮೇಲೂ ಗೊತ್ತುಪಡಿಸಿದ ಅವಧಿಯವರೆಗೆ ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರರದೇ ಆಗಿರುತ್ತದೆ. ಆ ಅವಧಿ ಎಂದಿನವರೆಗೆ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದರೆ ನಿಮ್ಮ ಯಜಮಾನರ ಅನುಭವಕ್ಕೆ ಕಾಗದದ ಬಲವೂ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಲಿ, ರಾಜ್ಯ ಹೆದ್ದಾರಿಯಾದರೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರಿಗೆ ಬರೆಯಲಿ. ತಲೆ ಹಳದಿ ಬಣ್ಣದ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ಬಣ್ಣದ್ದು ರಾಜ್ಯ ಹೆದ್ದಾರಿಯದು ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ. ದೂರಿನ ಜೊತೆ ಕಳಿಸುವ ಫೋಟೊದಲ್ಲಿ ಆ ಕಲ್ಲೂ ಕಾಣಿಸುವಂತಿರಲಿ. ಮತ್ತು ನಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುವಾಗ, ಕೆಲಸದಲ್ಲಿದ್ದಾಗ ತೊಡುತ್ತಿದ್ದ ಹೊಳೆಯುವ ಜಾಕೆಟ್ಟನ್ನು ಈಗಲೂ ತೊಡುವಂತೆ ನೀವು ನೋಡಿಕೊಳ್ಳಿ.