ಬೈಪಾಸ್‌ಗೆ ಗ್ಯಾಸ್ ಅರಿವಳಿಕೆಯನ್ನೇ ಕೊಡಿ ಎಂದು ಕೇಳಬೇಕೇ?

ಗದಗದ ನಿಮ್ಮ ತಂದೆಯವರಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಹುಬ್ಬಳ್ಳಿಯಲ್ಲಿ ಬೈಪಾಸ್ ನಿಗದಿಯಾಗಿದೆ. ಗ್ಯಾಸ್ ಅರಿವಳಿಕೆ ಹೃದಯವನ್ನು ಕಾಯುತ್ತದಂತೆ, ಅದನ್ನೇ ಕೊಡಿ ಎಂದು ಹಟ ಹಿಡಿಯಬೇಕೇ ಎಂದು ಕೇಳಿದ್ದೀರಿ. ಹಟ ಹಿಡಿಯಬ್ಯಾಡ್ರಿ. ಹಾಗಂತ ನೀವು ಕೇಳಿದ ಮಾತು ಸುಳ್ಳಲ್ಲ.

ಹೊಲದ ಪಂಪ್‌ಸೆಟ್ ಮೋಟಾರು ಕರೆಂಟ್ ಹೋದಾಗ ಅಲ್ಲ, ಏರುಪೇರಾಗಿ ವಾಪಸ್ ಬಂದಾಗ ಸುಡುತ್ತದೆ. ಬೈಪಾಸ್ ವೇಳೆ ರಕ್ತ ನಿಂತು ಮತ್ತೆ ಹರಿಯುವ ಹೃದಯಕ್ಕೆ ಎರಡೂ ಹೊತ್ತಿನಲ್ಲಿ ಪೆಟ್ಟು. ರಕ್ತ ನಿಂತಾಗ ಸ್ನಾಯು ಬಳಲುತ್ತದೆ. ಮತ್ತೆ ಹರಿದ ಮೊದಲ ಕೆಲವು ನಿಮಿಷಗಳಲ್ಲಿ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಕೊಡುವ ಭಾಗದ) ಪೊರೆಯಲ್ಲಿ ಒಂದು ರಂಧ್ರ ತೆರೆದುಕೊಂಡು ಕೋಶ ಸಾಯುತ್ತದೆ. 1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ಎಂಬ ಸಂಶೋಧಕರು ನಾಯಿಗಳ ಹೃದಯದ ಒಂದು ರಕ್ತನಾಳವನ್ನು 5 ನಿಮಿಷ ಕಟ್ಟಿ, 5 ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದ ಮೇಲೆ 40 ನಿಮಿಷ ಕಟ್ಟಿದರು. ನೇರವಾಗಿ 40 ನಿಮಿಷ ಕಟ್ಟಿದವುಗಳಿಗೆ ಹೋಲಿಸಿದರೆ ಸತ್ತ ಸ್ನಾಯು ಕಾಲು ಭಾಗದಷ್ಟೇ ಇತ್ತು. ಸಣ್ಣ ಪೆಟ್ಟು ತಿಂದ ಹೃದಯ ದೊಡ್ಡ ಪೆಟ್ಟಿಗೆ ಸಜ್ಜಾಗಿತ್ತು. 1997ರ ಹೊತ್ತಿಗೆ, ರಕ್ತನಾಳ ಕಟ್ಟದೆಯೇ ಐಸೊಫ್ಲುರೇನ್ ಎಂಬ ಅರಿವಳಿಕೆ ಗ್ಯಾಸ್ ಉಸಿರಾಡಿಸಿದರೂ ಅಂಥದೇ ರಕ್ಷಣೆ ಸಿಗುತ್ತದೆ ಎಂಬುದು ಪ್ರಾಣಿಗಳಲ್ಲಿ ಕಂಡುಬಂತು. ಸೆವೊಫ್ಲುರೇನ್, ಡೆಸ್‌ಫ್ಲುರೇನ್ ಎಂಬ ಗ್ಯಾಸ್‌ಗಳಿಗೂ ಈ ಗುಣವಿದೆ. ಇವು ಮೈಟೊಕಾಂಡ್ರಿಯಾದ ಪೊಟ್ಯಾಸಿಯಂ ದಾರಿಗಳನ್ನು ತೆರೆಸಿ, ಆ ಮಾರಕ ರಂಧ್ರ ತೆರೆಯದಂತೆ ತಡೆಯುತ್ತವೆ.

ನಿಮ್ಮ ತಂದೆಯವರಿಗೆ ಸಂಬಂಧಿಸಿದ್ದು ಇಲ್ಲಿದೆ. ಸಕ್ಕರೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಅದೇ ಪೊಟ್ಯಾಸಿಯಂ ದಾರಿಗಳನ್ನು ಮುಚ್ಚುತ್ತದೆ. ಪ್ರಯೋಗಗಳಲ್ಲಿ ಗ್ಯಾಸಿನ ರಕ್ಷಣೆ ಅದರಿಂದ ಅಳಿಸಿಹೋಗಿದೆ. ರಕ್ತದಲ್ಲಿ ಸಕ್ಕರೆ ಏರಿದ್ದರೂ, ವಯಸ್ಸಾಗಿದ್ದರೂ ಆ ರಕ್ಷಣೆ ಕುಗ್ಗುತ್ತದೆ. ಅಂದರೆ ಯಾರಿಗೆ ಈ ರಕ್ಷಣೆ ಹೆಚ್ಚು ಬೇಕೋ ಅವರಲ್ಲೇ ಅದು ಕಡಿಮೆ. ಮನುಷ್ಯರಲ್ಲಿ ಫಲಿತಾಂಶ ಮಂಕಾದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ. 2019ರಲ್ಲಿ ಪ್ರಕಟವಾದ ಮಿರಿಯಡ್ ಅಧ್ಯಯನದಲ್ಲಿ 13 ದೇಶಗಳ 5400 ಬೈಪಾಸ್ ರೋಗಿಗಳಿದ್ದರು. ಒಂದು ವರ್ಷದೊಳಗೆ ತೀರಿಕೊಂಡವರು ಗ್ಯಾಸ್ ಪಡೆದವರಲ್ಲಿ ಶೇ. 2.8, ಕೇವಲ ನರದ ಮೂಲಕ ಅರಿವಳಿಕೆ ಪಡೆದವರಲ್ಲಿ ಶೇ. 3.0. ಇದನ್ನು ವ್ಯತ್ಯಾಸ ಎನ್ನಲಾಗದು.

ಕೊಡುವ ರೀತಿಯೂ ಮುಖ್ಯ. ಸಾಮಾನ್ಯವಾಗಿ ನರಕ್ಕೆ ಔಷಧ ಕೊಟ್ಟು ಮಲಗಿಸಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆ ಗ್ಯಾಸ್ ಶುರು. ಉಸಿರಾಡುವ ಗಾಳಿಯಲ್ಲಿ ಸೆವೊಫ್ಲುರೇನ್ 40 ವರ್ಷದವರಿಗೆ ಸುಮಾರು ಶೇ. 2 ಬೇಕಾದರೆ, ವಯಸ್ಸು ಹತ್ತು ವರ್ಷ ಏರಿದಂತೆಲ್ಲ ಆ ಪ್ರಮಾಣದಲ್ಲಿ ಶೇ. 6ರಷ್ಟು ಇಳಿಯುತ್ತದೆ. ಗ್ಯಾಸಿನ ಡಯಲ್ ಹೆಚ್ಚಾದರೆ ಬಿಪಿ ಬಿದ್ದು, ಮೊದಲೇ ಕಿರಿದಾದ ರಕ್ತನಾಳಗಳಿಗೆ ರಕ್ತ ಸಾಲದು; ರಕ್ಷಣೆಗೆಂದು ಕೊಟ್ಟದ್ದೇ ಹಾನಿ. ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ನಡೆಯುವಾಗ ಶ್ವಾಸಕೋಶದ ಕೆಲಸ ನಿಂತಿರುತ್ತದೆ, ಹಾಗಾಗಿ ರಕ್ತಕ್ಕೆ ಆಮ್ಲಜನಕ ಸೇರಿಸುವ ಅದರ ಆಕ್ಸಿಜನೇಟರ್‌ಗೆ ಹೋಗುವ ಗಾಳಿಯ ಕೊಳವೆಗೇ ವೇಪರೈಜರ್ (ಔಷಧವನ್ನು ಗ್ಯಾಸ್ ಮಾಡುವ ಸಾಧನ) ಜೋಡಿಸಬೇಕು. ಆ ಏರ್ಪಾಡು ಇಲ್ಲದಿದ್ದರೆ ಆ ಹೊತ್ತಿಡೀ ಹೃದಯಕ್ಕೆ ಗ್ಯಾಸ್ ಇರುವುದಿಲ್ಲ. ಇವೆಲ್ಲ ನೋಡಿಯೇ ಅರಿವಳಿಕೆ ತಜ್ಞರು ಆರಿಸುತ್ತಾರೆ, ಅವರ ಕೈ ಕಟ್ಟಬೇಡಿ.

ನಿಮ್ಮ ಕೈಯಲ್ಲಿರುವುದು ಬೇರೆ. ತಂದೆಯವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಅದರಲ್ಲಿ ಡಪಾಗ್ಲಿಫ್ಲೊಜಿನ್ ಅಥವಾ ಎಂಪಾಗ್ಲಿಫ್ಲೊಜಿನ್ ಎಂಬ ಸಕ್ಕರೆ ಮಾತ್ರೆ ಇದ್ದರೆ ಇವತ್ತೇ ವೈದ್ಯರಿಗೆ ಹೇಳಿ. ಅವನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲೀಯವಾಗಬಹುದು. ಕೊಲೆಸ್ಟ್ರಾಲ್‌ನ ಸ್ಟ್ಯಾಟಿನ್, ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಬೀಡಿ, ಸಿಗರೇಟ್ ಇದ್ದರೆ ಈಗಲೇ ಬಿಡಿಸಿ. ಹಿಂದಿನ ರಾತ್ರಿ ಮಿರ್ಚಿ, ಗಿರ್ಮಿಟ್ ಬೇಡ: ಎಣ್ಣೆ ಪದಾರ್ಥಕ್ಕೆ 8 ತಾಸು, ಹಾಲು ಹಾಕಿದ ಚಹಾಕ್ಕೂ 6 ತಾಸು ಅಂತರ ಬೇಕು.

ಕೊನೆಗೆ ಒಂದು ಪ್ರಶ್ನೆಯನ್ನು ಮನೆಯ ಹಿರಿಯರಿಗೆ ಕೇಳಿರಿ: ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಪರೇಷನ್ ವೇಳೆ ಮೈ ವಿಪರೀತ ಕಾದು, ಸ್ನಾಯುಗಳು ಸೆಟೆದು ಜೀವಕ್ಕೆ ಕುತ್ತಾಗಿತ್ತೇ? ಹೌದಾದರೆ ಅದನ್ನು ಎಲ್ಲಕ್ಕಿಂತ ಮೊದಲು ಅರಿವಳಿಕೆ ತಜ್ಞರಿಗೆ ತಿಳಿಸಿ. ಅಂಥ ಮನೆತನದವರಿಗೆ ಈ ಗ್ಯಾಸ್‌ಗಳನ್ನು ಕೊಡುವಂತೆಯೇ ಇಲ್ಲ.